ಹೆಸರಲ್ಲೇ ‘ಚಿತ್ರ’ ಇಟ್ಟುಕೊಂಡ ದುರ್ಗ

ಬ್ಯಾಡಗಿಯಿಂದ ಒಂದು ಪತ್ರ ಬಂದಿದೆ. ‘ಹೆಸರು ಹಾಕಬ್ಯಾಡ್ರಿ’ ಅಂತ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಾರೆ. ಹಾಕೋದಿಲ್ಲ ಬಿಡಿ. ನಾಲ್ಕು ಜನ ಗೆಳೆಯರಂತೆ. ಒಬ್ಬ ಹಾವೇರಿಯವ, ಇಬ್ಬರು ರಾಣೆಬೆನ್ನೂರಿನವರು, ಪತ್ರ ಬರೆದಾತ ಬ್ಯಾಡಗಿಯವ. ನಾಲ್ವರೂ ಕೂತು ಮೊನ್ನೆ ಮೊಬೈಲಿನಲ್ಲಿ ‘ನಾಗರಹಾವು’ ನೋಡಿದ್ದಾರೆ. ಹೊಸ ಚಿತ್ರ ನೋಡಿ ಮರುದಿನವೇ ಮರೆಯೋ ಹುಡುಗರು, 1972ರ ಚಿತ್ರ ನೋಡಿ ಮೂರು ದಿನ ಜಗಳ ಆಡಿದ್ದಾರೆ. ಕೊನೆಗೆ ನಮ್ಮ ಅಂಕಣಕ್ಕೆ ಮೂರು ಪ್ರಶ್ನೆ ಕಳಿಸಿದ್ದಾರೆ.

ಒಂದು: ಚಿತ್ರದುರ್ಗಕ್ಕೆ ನಮ್ಮ ಕಡೆಯಿಂದ ಕಡಿಮೆ ಖರ್ಚಿನಲ್ಲಿ ಹೋಗಿಬರೋದು ಹ್ಯಾಂಗ? ಎರಡು: ಕ್ಲೈಮ್ಯಾಕ್ಸಿನಲ್ಲಿ ರಾಮಾಚಾರಿ ನಿಂತ ಬಂಡೆ ಯಾವುದು, ಅದರ ತುದಿಗೇ ನಿಂತು ಫೋಟೋ ತೆಗೆಸಿಕೋಬೇಕಾಗಿದೆ. ಮೂರು: ಅದೆಲ್ಲಾ ಖರೇ ನಡೆದದ್ದೋ, ಕಥೆಯೋ?

ಇಷ್ಟೇ ಇದ್ದಿದ್ದರೆ ನಾಲ್ಕು ಸಾಲಿನ ಉತ್ತರ ಸಾಕಿತ್ತು. ಆದರೆ ಪತ್ರದ ಕೊನೆಗೆ, ಸಹಿ ಮಾಡಿದ ಮೇಲೆ, ಬೇರೆ ಶಾಯಿಯಲ್ಲಿ ಇನ್ನೆರಡು ಸಾಲಿವೆ. ‘ನಮ್ಮಲ್ಲೊಬ್ಬನಿಗೆ ಒಬ್ಬ ಹುಡುಗಿ ಅದಾಳ್ರಿ. ಜಾತಿ ಬ್ಯಾರೆ. ಮನ್ಯಾಗ ಗೊತ್ತಾಗಿ ರಾದ್ಧಾಂತ ಆಗೇತಿ. ಆ ಬಂಡೆ ನೋಡಬೇಕು ಅಂತ ಮೊದಲು ಅಂದವನೂ ಅವನೇ.’

ಹೀಗಾಗಿ ಈ ವಾರದ ಪುಟ ಪೂರ್ತಿ ಈ ನಾಲ್ವರಿಗೆ. ಉಳಿದ ಓದುಗರು ಬೇಸರ ಮಾಡಿಕೊಳ್ಳದೆ ಜೊತೆಗೆ ಗುಡ್ಡ ಹತ್ತಬೇಕು.

ಮೊದಲು ದಾರಿ ಖರ್ಚಿನ ಮಾತು

ತಮ್ಮಂದಿರೇ, ರೈಲಿನ ಆಸೆ ಬಿಡಿ. ನಿಮ್ಮ ಮೂರೂ ಊರು ಹುಬ್ಬಳ್ಳಿ-ಬೆಂಗಳೂರು ರೈಲುದಾರಿಯ ಮೇಲಿವೆ, ನಿಜ. ಆದರೆ ಆ ದಾರಿ ಚಿತ್ರದುರ್ಗಕ್ಕೆ ಹೋಗೋದಿಲ್ಲ. ನೇರ ಗಾಡಿ ಸಿಗದಿದ್ದರೆ ದಾವಣಗೆರೆ ದಾಟಿ ಚಿಕ್ಕಜಾಜೂರಿನಲ್ಲಿ ಇಳಿದು ರಾಯದುರ್ಗದ ಕಡೆಯ ಗಾಡಿ ಹಿಡೀಬೇಕು. ಇಳಿದು ಕಾಯೋದರಲ್ಲೇ ಅರ್ಧ ದಿನ ಹೋದೀತು.

ಬಸ್ಸೇ ವಾಸಿ. ಹಿಂದೆ ನಾಲ್ಕನೇ ನಂಬರ್ ಹೈವೇ ಅಂತಿದ್ದೆವು, ಈಗ ಅದಕ್ಕೆ 48 ಅಂತ ನಂಬರು. ನಂಬರು ಬದಲಾದರೂ ಊರುಗಳ ಸಾಲು ಅದೇ: ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ. ಹಾವೇರಿಯಿಂದ ಸುಮಾರು 140 ಕಿಲೋಮೀಟರು, ರಾಣೆಬೆನ್ನೂರಿನವರಿಗೆ ಮೂವತ್ತು ಚಿಲ್ಲರೆ ಕಡಿಮೆ. ಬ್ಯಾಡಗಿಯಾತ ಮೋಟೆಬೆನ್ನೂರಿಗೆ ಬಂದು ಹೈವೇ ಸೇರಿಕೊಂಡರಾಯಿತು. ಒಂದು ಎಚ್ಚರಿಕೆ: ಬೆಂಗಳೂರಿಗೆ ಹಾರೋ ಬಸ್ಸು ಹತ್ತುವಾಗ ‘ದುರ್ಗದ ಸ್ಟ್ಯಾಂಡಿಗೆ ಒಳಗೆ ಹೋಗ್ತದೇನ್ರಿ?’ ಅಂತ ಕಂಡಕ್ಟರನ್ನು ಮೊದಲೇ ಕೇಳಿ. ಇಲ್ಲಾಂದ್ರೆ ಬೈಪಾಸಿನಲ್ಲಿ ಇಳಿದು ಗುಡ್ಡವನ್ನು ದೂರದಿಂದಲೇ ನೋಡಬೇಕಾದೀತು. ಅಕ್ಕ-ತಂಗಿಯರನ್ನು ಕರಕೊಂಡು ಹೋಗೋದಾದರೆ ಖರ್ಚು ಇನ್ನೂ ಹಗುರ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಗಂಡಸರೇ ಚಿಲ್ಲರೆ ಹೊಂದಿಸಬೇಕು!

ಹರಿಹರದ ಹತ್ತಿರ ತುಂಗಭದ್ರೆ ದಾಟುವಾಗ ಕಿಟಕಿಯಿಂದ ಒಮ್ಮೆ ಹೊಳೆ ನೋಡಿ. 1956ರ ನವೆಂಬರ್ 1ಕ್ಕೆ ಮೊದಲು ಈ ದಂಡೆಗೆ ಮುಂಬಯಿ ಸರ್ಕಾರ, ಆ ದಂಡೆಗೆ ಮೈಸೂರು ಸರ್ಕಾರ. ಮಾತು ಒಂದೇ, ಕಚೇರಿ ಬೇರೆ. ಒಂದಾದ ಮೇಲೂ ಹೆಸರು ಮಾತ್ರ ಮೈಸೂರು ಅಂತಲೇ ಉಳಿದಿತ್ತು. 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಆಯಿತು. ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ, ಅಂದರೆ ಕರ್ನಾಟಕ ಅನ್ನೋ ಹೆಸರಿಗಿಂತ ಹತ್ತು ತಿಂಗಳು ಮೊದಲು. ಹೊಳೆಯ ಆ ಕಡೆಯ ಕೋಟೆ, ಆ ಕಡೆಯ ಮೇಷ್ಟ್ರು, ಆ ಕಡೆಯ ಓಬವ್ವ ಈ ಕಡೆಯ ಜನಕ್ಕೂ ಮನೆಯವರಾಗಿಬಿಟ್ಟರು. ರಾಜ್ಯ ಒಂದು ಮಾಡೋ ಕೆಲಸದಲ್ಲಿ ಟಾಕೀಸಿಗೂ ಒಂದು ಪಾಲು ಸಲ್ಲಬೇಕು, ಏನಂತೀರಿ?

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನದೆ ಮುಂದೆ ಹೋಗಿ ಅಂತ ಹೇಳೋವಷ್ಟು ಕಲ್ಲುಮನಸ್ಸು ನನಗಿಲ್ಲ. ತಿನ್ನಿ, ಒಂದೇ ತಿನ್ನಿ. ಮುಂದೆ ಗುಡ್ಡ ಹತ್ತೋದಿದೆ.

ದೂರದ ಬೆಟ್ಟ ನುಣ್ಣಗಲ್ಲ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ. ದುರ್ಗಕ್ಕೆ ಈ ಗಾದೆ ಹೊಂದೋದಿಲ್ಲ. ದೂರದಿಂದಲೇ ಅದು ಒರಟು. ಯಾರೋ ರಾಕ್ಷಸನ ಕೂಸು ಆಟ ಆಡಿ, ಎತ್ತಿಡದೆ ಬಿಟ್ಟುಹೋದ ಹಾಗೆ ಬಂಡೆ ಮೇಲೆ ಬಂಡೆ. ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಈಗ ಬಿಳಿಯ ಗಾಳಿಯಂತ್ರಗಳು ಸಾಲಾಗಿ ನಿಂತು ಕೈ ತಿರುಗಿಸುತ್ತವೆ. ರಾಮಾಚಾರಿ ಕಾಲದಲ್ಲಿ ಅವಿರಲಿಲ್ಲ. ಪುಟ್ಟಣ್ಣ ಕಣಗಾಲರ ಕಣ್ಣಿಗೆ ಬಿದ್ದಿದ್ದರೆ ಅದರ ಮುಂದೆಯೂ ಒಂದು ಹಾಡು ತೆಗೀತಿದ್ದರೋ ಏನೋ!

ಊರಿಗೆ ಹೆಸರು ಬಂದದ್ದು ಚಿತ್ರಕಲ್ಲು ದುರ್ಗ ಅನ್ನೋದರಿಂದ. ಚಿತ್ರದಂಥ ಕಲ್ಲಿನ ಕೋಟೆ. ಕ್ಯಾಮೆರಾ ಹುಟ್ಟೋದಕ್ಕೆ ಎಷ್ಟೋ ಮೊದಲೇ ಹೆಸರಲ್ಲಿ ‘ಚಿತ್ರ’ ಇಟ್ಟುಕೊಂಡ ಊರು ಇದು. ವಿಜಯನಗರದ ಕಾಲದಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾದ ಪಾಳೆಯಗಾರರ ಮನೆತನ, ಸುಮಾರು ಇನ್ನೂರು ವರ್ಷ ಈ ಕಲ್ಲಿಗೆ ಕಲ್ಲು ಸೇರಿಸುತ್ತಾ ಹೋಯಿತು. ಏಳು ಸುತ್ತಿನ ಕೋಟೆ ಅಂತ ಹೆಸರು. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಿಂಡಿ ಅಂತ ದುರ್ಗದವರು ಲೆಕ್ಕ ಒಪ್ಪಿಸುತ್ತಾರೆ. ನೀವು ಎಣಿಸುತ್ತಾ ಕೂರಬೇಡಿ. ಒಂದು ಸಂಗತಿ ಗಮನಿಸಿ. ಯಾವ ಬಾಗಿಲೂ ಇನ್ನೊಂದಕ್ಕೆ ನೇರ ಇಲ್ಲ. ಒಂದು ದಾಟಿದ ಕೂಡಲೇ ದಾರಿ ಸರಕ್ಕನೆ ಹೊರಳುತ್ತದೆ. ಶತ್ರುವಿನ ಆನೆ ಓಡಿಬಂದು ಬಾಗಿಲಿಗೆ ಗುದ್ದೋದಕ್ಕೆ ಜಾಗ ಸಿಗಬಾರದು ಅನ್ನೋ ಉಪಾಯ. ಮೇಲಿಂದ ನೋಡಿದರೆ ಹಾವು ಹರಿದ ಹಾಗಿದೆ ದಾರಿ. ಹೆಸರಿಡೋರು ಸುಮ್ಮನೆ ಇಡ್ತಾರೇನು!

ಹತ್ತುವಾಗ ನಾಲ್ಕು ದೊಡ್ಡ ಬೀಸುವ ಕಲ್ಲು ಸಿಗುತ್ತವೆ. ಜೋಳ ಬೀಸೋದಕ್ಕಲ್ಲ, ಮದ್ದು ಬೀಸೋದಕ್ಕೆ, ಅಂದರೆ ಕೋವಿಮದ್ದು. ಕಲ್ಲಿನಲ್ಲೇ ತೋಡಿದ ಎಣ್ಣೆಕೊಳ ಇದೆ. ಮೇಲೆ ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ, ಎತ್ತರದ ಉಯ್ಯಾಲೆ ಕಂಬ, ಗರಡಿಮನೆ. ಮಣ್ಣಿನ ಗೋಡೆಗಳ ಹಾಳು ಅರಮನೆಯೂ ಇದೆ. ಮಳೆ-ಗಾಳಿ ತಿಂದು ತಿಂದು ಈಗ ಗೋಡೆಗಳು ಮುದುಕರ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿವೆ. ಇದೆಲ್ಲಾ ಕೇಂದ್ರದ ಪುರಾತತ್ವ ಇಲಾಖೆಯ ಕಾವಲಿನಲ್ಲಿದೆ. ಬಾಗಿಲಲ್ಲಿ ಟಿಕೆಟ್ ತೆಗೆಸಬೇಕು. ಆದರೆ ದುರ್ಗದ ಜನಕ್ಕೆ ಇದು ಸ್ಮಾರಕಕ್ಕಿಂತ ಹೆಚ್ಚಾಗಿ ಊರ ಪಾರ್ಕು. ಮುಂಜಾನೆ ಕಾಲಾಡಿಸೋರು, ಸಂಜೆ ಮಕ್ಕಳನ್ನು ಕರಕೊಂಡು ಬರೋರು, ಪುಸ್ತಕ ಹಿಡಿದು ಬಂಡೆ ನೆರಳಿಗೆ ಕೂರೋರು. ಬೇರೆ ಊರಿನವರು ಪಾರ್ಕಿಗೆ ಹುಲ್ಲು ಬೆಳೆಸಿದರೆ ಇವರಿಗೆ ದೇವರು ಕಲ್ಲು ಬೆಳೆಸಿಕೊಟ್ಟಿದ್ದಾನೆ.

ನೀರಿನ ಮೆಟ್ಟಿಲು

ಮೇಲೆ ಹತ್ತಿದವರೆಲ್ಲಾ ಮೊದಲು ನೋಡೋದು ಕೆಳಗಿನ ಊರನ್ನು. ಹಂಚಿನ ಮನೆ, ತಾರಸಿ ಮನೆ, ನೀರಿನ ಟ್ಯಾಂಕು, ಮಸೀದಿ-ಗುಡಿಗಳ ತುದಿ, ದೂರದಲ್ಲಿ ಹೈವೇ ಮೇಲೆ ಇರುವೆಯಂಥ ಲಾರಿಗಳು. ಸಂಜೆ ದೀಪ ಹತ್ತೋ ಹೊತ್ತಿಗೆ ಚೆಂದ, ಒಪ್ಪೋಣ. ಆದರೆ ಆ ಊರು ಅಲ್ಲೇ ಯಾಕೆ ಇದೆ ಅನ್ನೋದು ತಿಳೀಬೇಕಾದರೆ ನೀರಿನ ದಾರಿ ಹಿಡಿದು ಇಳಿದು ಬರಬೇಕು.

ಮೇಲೆ ಗೋಪಾಲಸ್ವಾಮಿ ಹೊಂಡ. ಬಂಡೆಗಳ ಮೇಲೆ ಬಿದ್ದ ಮಳೆ ಹರಿದು ಅಲ್ಲಿ ನಿಲ್ಲುತ್ತದೆ. ಅದು ತುಂಬಿ ಕೋಡಿ ಬಿದ್ದರೆ ಕೆಳಗೆ ಅಕ್ಕ-ತಂಗಿ ಹೊಂಡ. ಅದೂ ತುಂಬಿದರೆ ಇನ್ನೂ ಕೆಳಗೆ ಸಿಹಿನೀರು ಹೊಂಡ. ಕಟ್ಟಕಡೆಗೆ ಊರ ನಡುವಿನ ಸಂತೆಹೊಂಡ. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಮೇಲಿನವನು ಕುಡಿದು ಮಿಕ್ಕದ್ದು ಕೆಳಗಿನವನಿಗೆ. ಮಳೆ ಕಡಿಮೆ ಇರೋ ಈ ಸೀಮೆಯಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ದಂಡಿನ ಎದುರು ಕೋಟೆ ತಡಕೊಂಡು ನಿಂತದ್ದು ಬರೀ ಗೋಡೆಯ ಬಲದಿಂದಲ್ಲ, ಈ ನೀರಿನ ಬಲದಿಂದಲೂ ಹೌದು. ಗುಡ್ಡ ಇಳಿದ ಮೇಲೆ ಸಂತೆಹೊಂಡದ ಕಟ್ಟೆ ಹತ್ತಿರ ಐದು ನಿಮಿಷ ನಿಂತು ತಲೆ ಎತ್ತಿ ನೋಡಿ. ಇಡೀ ಬೆಟ್ಟ ಒಂದು ಕೊಡದ ಹಾಗೆ ಕಾಣದಿದ್ದರೆ ನನಗೆ ಕಾಗದ ಬರೀರಿ.

ಬಂಡೆ ಎಲ್ಲಿದೆ?

ಈಗ ಎರಡನೇ ಪ್ರಶ್ನೆ. ‘ಇದೇ ಆ ಬಂಡೆ’ ಅಂತ ಕೈ ಮಾಡಿ ತೋರಿಸೋರು ಬೇಕಾದಷ್ಟು ಜನ ಸಿಕ್ಕಾರು. ನಾನು ಮಾತ್ರ ತೋರಿಸೋದಿಲ್ಲ. ಯಾಕೆ ಅಂತ ಹೇಳ್ತೀನಿ, ಕೇಳಿ.

ಸಿನಿಮಾದ ಬಂಡೆ ಅನ್ನೋದು ಅರ್ಧ ಕಲ್ಲು, ಅರ್ಧ ಕ್ಯಾಮೆರಾ. ಕ್ಯಾಮೆರಾವನ್ನು ಕೆಳಗಿಟ್ಟು ಮೇಲೆ ನೋಡಿದರೆ ಆಳೆತ್ತರದ ಕಲ್ಲೂ ಆಕಾಶ ಮುಟ್ಟುತ್ತದೆ. ಒಂದು ಶಾಟ್ ಇಲ್ಲಿ, ಇನ್ನೊಂದು ಶಾಟ್ ಅಲ್ಲಿ, ನಡುವೆ ಎಡಿಟರ್ ಕತ್ತರಿ. ಬೀಳೋದು ಕತ್ತರಿಯಲ್ಲಿ, ಕಲ್ಲಿನ ಮೇಲಲ್ಲ. ರಾಮಾಚಾರಿ ಬಿದ್ದ ಅಂತ ನಾವು ಕರವಸ್ತ್ರ ತೆಗೆದರೆ, ಅತ್ತ ವಿಷ್ಣುವರ್ಧನ್ ಮೇಕಪ್ ಒರೆಸಿಕೊಂಡು ಮುಂದಿನ ಚಿತ್ರಕ್ಕೆ ಹೊರಟರು. 2009ರ ಡಿಸೆಂಬರ್‌ವರೆಗೂ ನಮ್ಮ ನಡುವೆ ಬದುಕಿ, ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿ ಹೋದರು. ನಿಮ್ಮ ಮೊಬೈಲ್ ಫೋಟೋಕ್ಕೆ ಎಡಿಟರ್ ಇಲ್ಲ, ತಮ್ಮಾ. ತುದಿಯಲ್ಲಿ ಚಪ್ಪಲಿ ಜಾರಿದರೆ ‘ಕಟ್’ ಅನ್ನೋರು ಯಾರೂ ಇರೋದಿಲ್ಲ.

ಆ ಕ್ಲೈಮ್ಯಾಕ್ಸನ್ನು ಇನ್ನೊಂದು ಸಲ ನಿಧಾನವಾಗಿ ನೆನಪು ಮಾಡಿಕೊಳ್ಳಿ. ರಾಮಾಚಾರಿಗೆ ಮೊದಲು ಅಲಮೇಲು. ಚಾಮಯ್ಯ ಮೇಷ್ಟ್ರು ಹೇಳಿದರು ಅಂತ ಅವಳನ್ನು ಬಿಟ್ಟುಕೊಟ್ಟ. ಶಿಷ್ಯ ಗುರುವಿನ ಮಾತು ಕೇಳಿದ, ಭೇಷ್ ಅಂದೆವು. ಆದರೆ ಅಲಮೇಲು ಗತಿ ಏನಾಯಿತು? ಕಟ್ಟಿಕೊಂಡವನೇ ಅವಳನ್ನು ಮಾರಾಟದ ಸರಕು ಮಾಡಿದ. ಆರತಿ ಆ ಹೋಟೆಲಿನ ದೃಶ್ಯದಲ್ಲಿ ನಿಂತ ರೀತಿ ನೋಡಿದವರು ಮರೀಲಿಕ್ಕಿಲ್ಲ. ಆಮೇಲೆ ಮಾರ್ಗರೆಟ್. ಮತ್ತೆ ಅದೇ ಮೇಷ್ಟ್ರು, ಅದೇ ಮಾತು: ಬಿಟ್ಟುಬಿಡು. ಈ ಸಲ ಶಿಷ್ಯ ಬಿಡಲಿಲ್ಲ. ಸಿಟ್ಟು, ನೂಕಾಟ, ಮೇಷ್ಟ್ರು ಕೆಳಗೆ. ಅವರ ಹಿಂದೆಯೇ ಇಬ್ಬರೂ. ಕೆ.ಎಸ್. ಅಶ್ವಥ್ ಮುಖದಲ್ಲಿ ಪ್ರೀತಿ ಎಷ್ಟಿತ್ತೆಂದರೆ, ಆ ಪ್ರೀತಿಯೇ ಎರಡು ಬಾಳು ಹಾಳು ಮಾಡಿತು ಅನ್ನೋದು ನಮಗೆ ಹೊಳೆಯೋ ಹೊತ್ತಿಗೆ ಟಾಕೀಸಿನಲ್ಲಿ ದೀಪ ಹತ್ತಿರುತ್ತಿತ್ತು.

ಮೂಲ ಕಾದಂಬರಿಗಳನ್ನು ಬರೆದ ತ.ರಾ. ಸುಬ್ಬರಾಯರಿಗೆ ಚಿತ್ರ ಸಮಾಧಾನ ತರಲಿಲ್ಲ. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅನ್ನೋ ಅರ್ಥದ ಅವರ ಮಾತು ಗಾಂಧಿನಗರದಲ್ಲಿ ಗಾದೆಯೇ ಆಗಿಹೋಗಿದೆ. ಮೂರು ಕಾದಂಬರಿಗಳನ್ನು ಮೂರು ಗಂಟೆಗೆ ಇಳಿಸಿದರೆ ಲೇಖಕನಿಗೆ ಹೊಟ್ಟೆ ಉರಿಯೋದು ಸಹಜ. ಹಾವು ಯಾವುದೇ ಇರಲಿ, ಜನ ಮಾತ್ರ ಐವತ್ತು ವರ್ಷದಿಂದ ಹೆಡೆ ನೋಡ್ತಾನೇ ಇದ್ದಾರೆ. 2018ರ ಜುಲೈನಲ್ಲಿ ಹೊಸ ತಂತ್ರಜ್ಞಾನದ ಉಡುಪು ತೊಡಿಸಿ ಮತ್ತೆ ಬಿಡುಗಡೆ ಮಾಡಿದಾಗಲೂ ಟಾಕೀಸಿನ ಮುಂದೆ ಹಾರ ಹಾಕಿ ಕುಣಿದರು.

ನಾಲ್ವರಲ್ಲಿ ಮಾತು ಕಡಿಮೆ ಮಾಡಿದವನಿಗೆ

ಈಗ ನಿನ್ನೊಬ್ಬನ ಹತ್ತಿರ ಮಾತು. ಉಳಿದ ಮೂವರು ಓದಿದರೆ ಓದಲಿ.

ತಮ್ಮಾ, ರಾಮಾಚಾರಿ ಕಥೆಯಲ್ಲಿ ಬರೀ ಎರಡು ದಾರಿ ಇತ್ತು: ಬಿಟ್ಟುಕೊಡೋದು, ಇಲ್ಲಾ ಗುಡ್ಡದ ತುದಿ. ಕಥೆಗಾರನಿಗೆ ಅಷ್ಟೇ ಬೇಕಾಗಿತ್ತು. ಮೂರನೇ ದಾರಿ ಇದ್ದಿದ್ದರೆ ಕಥೆ ಮುಗೀತಿರಲಿಲ್ಲ. ಆದರೆ ನೀನು ಕಥೆಯಲ್ಲಿಲ್ಲ, ರಾಣೆಬೆನ್ನೂರೋ ಹಾವೇರಿಯೋ ಬ್ಯಾಡಗಿಯೋ, ಅಲ್ಲಿದ್ದೀ. ಅಲ್ಲಿ ಮೂರನೇ ದಾರಿ ಇದೆ. ಅದಕ್ಕೆ ರಿಜಿಸ್ಟ್ರಾರ್ ಆಫೀಸು ಅಂತ ಹೆಸರು. ವಿಶೇಷ ವಿವಾಹ ಕಾಯ್ದೆ ಬಂದದ್ದು 1954ರಲ್ಲಿ, ಚಿತ್ರ ಬರೋದಕ್ಕೆ ಹದಿನೆಂಟು ವರ್ಷ ಮೊದಲು. ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದು, ಇಬ್ಬರೂ ಮನಸಾರೆ ಒಪ್ಪಿದ್ದರೆ, ಜಾತಿ-ಧರ್ಮ ಕಾಯ್ದೆಗೆ ಅಡ್ಡಿಯಲ್ಲ. ನೋಟಿಸು ಕೊಡಬೇಕು, 30 ದಿನ ಕಾಯಬೇಕು, ಮೂರು ಸಾಕ್ಷಿ ಬೇಕು. ಪುಣ್ಯಕ್ಕೆ ನಿನಗೆ ಗೆಳೆಯರು ಮೂವರಿದ್ದಾರೆ, ಲೆಕ್ಕ ಸರಿಹೋಯಿತು!

ಕಾಯ್ದೆ ಇದೆ ಅಂದ ಮಾತ್ರಕ್ಕೆ ಮನೆಯವರು ಆರತಿ ಎತ್ತುತ್ತಾರೆ ಅಂತ ಹೇಳೋದಿಲ್ಲ. ಬೈತಾರೆ. ಮಾತು ಬಿಡ್ತಾರೆ. ಕೆಲವರು ವರ್ಷಗಟ್ಟಲೆ ಬಿಡ್ತಾರೆ. ಮೊದಲು ಸ್ವಂತ ಕಾಲ ಮೇಲೆ ನಿಲ್ಲೋ ದುಡಿಮೆ ನೋಡಿಕೋ. ಹುಡುಗಿಗೆ ಏನು ಬೇಕು ಅಂತ ಹುಡುಗಿಯನ್ನೇ ಕೇಳು. ಅಲಮೇಲುವನ್ನು ಯಾರೂ ಕೇಳಲಿಲ್ಲ ಅನ್ನೋದು ನೆನಪಿರಲಿ. ಅವಳು ಬೇಡ ಅಂದರೆ ಅದೂ ಒಂದು ಉತ್ತರವೇ. ನೋವಾಗ್ತದೆ, ಮಾಗ್ತದೆ. ಮನೆಯಲ್ಲಿ ಬಾಗಿಲು ಮುಚ್ಚಿದ್ದರೆ, ಸೋದರಮಾವನೋ ದೊಡ್ಡವ್ವನೋ ಯಾರಾದರೂ ಒಬ್ಬರು ಕಿಟಕಿ ತೆಗೆದುಕೊಂಡಿರ್ತಾರೆ, ಅವರನ್ನು ಹುಡುಕು. ರಾತ್ರಿ ಹೊತ್ತು ತಲೆ ತುಂಬಾ ಆ ಬಂಡೆಯೇ ಬಂದು ಕೂತರೆ ಗೆಳೆಯರನ್ನು ಎಬ್ಬಿಸು. ಎಬ್ಬಿಸೋದಕ್ಕೆ ಸಂಕೋಚ ಆದರೆ 14416 ಅಂತ ಒಂದು ನಂಬರಿದೆ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದು ಹೆದರಿಕೆಯ ಕೆಲಸವಲ್ಲ, ಗಂಡಸುತನಕ್ಕೆ ಕುಂದೂ ಅಲ್ಲ.

ಇದೇ ಗುಡ್ಡದ ಇನ್ನೊಂದು ಕಥೆ ಹೇಳ್ತೀನಿ. ಇದು ಸಿನಿಮಾ ಅಲ್ಲ. ದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಹತ್ತೋ ಜ್ಯೋತಿರಾಜ್ ಹೆಸರು ಕೇಳಿರ್ತೀರಿ. ಜನ ಕೋತಿರಾಜ ಅಂತಲೇ ಕರೀತಾರೆ. ಬೇರೆ ನಾಡಿನಿಂದ ಕೂಲಿ ಮಾಡುತ್ತಾ ಬಂದ ಹುಡುಗ. ಬದುಕು ಸಾಕು ಅನ್ನಿಸಿ ಒಂದು ದಿನ ಇದೇ ಕಲ್ಲುಗಳ ನಡುವೆ ಬಂದಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅಲ್ಲೊಂದು ಕೋತಿ ಬಂಡೆ ಹತ್ತುತ್ತಿತ್ತಂತೆ. ಅದು ಹೇಗೆ ಹತ್ತುತ್ತೆ ಅಂತ ನೋಡಿದರು. ಅದು ಕೈಯಿಟ್ಟಲ್ಲಿ ಕೈಯಿಟ್ಟು ತಾವೂ ಹತ್ತಿದರು. ನೋಡುತ್ತಿದ್ದ ಜನ ಚಪ್ಪಾಳೆ ತಟ್ಟಿದರು. ಅಲ್ಲಿಂದ ಬಾಳು ತಿರುಗಿತು. ಆಮೇಲೆ ಹುಡುಗರಿಗೆ ಹತ್ತೋದು ಹೇಳಿಕೊಡುವ ಗುರುವೂ ಆದರು. ನೀವು ಮಾತ್ರ ಅವರಂತೆ ಗೋಡೆ ಹತ್ತೋ ಸಾಹಸ ಮಾಡಬ್ಯಾಡ್ರಪ್ಪಾ, ಅದಕ್ಕೆ ವರ್ಷಗಳ ಸಾಧನೆ ಬೇಕು. ನಾನು ಹೇಳೋದು ಇಷ್ಟೇ: ಅದೇ ಗುಡ್ಡ, ಅದೇ ಕಲ್ಲು. ಒಂದು ಕೋತಿ ಕಣ್ಣಿಗೆ ಬೀಳೋವಷ್ಟು ಹೊತ್ತು ತಡೆದಿದ್ದಕ್ಕೆ ಒಬ್ಬ ಮನುಷ್ಯ ಉಳಿದ.

ಖರೇ ಯಾವುದು, ಕಥೆ ಯಾವುದು?

ಮೂರನೇ ಪ್ರಶ್ನೆಗೆ ಬಂದೆ. ರಾಮಾಚಾರಿ, ಮಾರ್ಗರೆಟ್, ಜಲೀಲ, ಚಾಮಯ್ಯ ಮೇಷ್ಟ್ರು ಎಲ್ಲಾ ತ.ರಾ.ಸು. ಲೇಖನಿಯ ಮಕ್ಕಳು. ಅವರು ದುರ್ಗದ ಸೀಮೆಯ ತಳುಕಿನ ಮನೆತನದವರು, ಈ ಕಲ್ಲುಗಳ ಸ್ವಭಾವ ಬಲ್ಲವರು. ಕೋಟೆಯ ಖರೇ ಕಥೆ ಬೇಕಾದರೆ ಅವರದೇ ‘ದುರ್ಗಾಸ್ತಮಾನ’ ಓದಿ. ಅವರು ತೀರಿಕೊಂಡದ್ದು 1984ರಲ್ಲಿ, ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಹೈದರಾಲಿ ಮತ್ತೆ ಮತ್ತೆ ದಂಡು ತಂದದ್ದು, ಕೊನೆಗೆ 1779ರಲ್ಲಿ ಕೋಟೆ ಬಿದ್ದದ್ದು, ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಇವು ಇತಿಹಾಸ. ಆ ಮದಕರಿಯನ್ನು ತೆರೆಯ ಮೇಲೆ ನೋಡಬೇಕಾದರೆ 2006ರ ‘ಕಲ್ಲರಳಿ ಹೂವಾಗಿ’ ಇದೆ. ಟಿ.ಎಸ್. ನಾಗಾಭರಣ ನಿರ್ದೇಶನ, ನಾಯಕನಾಗಿ ಅಂಬರೀಶ್. 1972ರಲ್ಲಿ ಇದೇ ಊರಿನ ಬೀದಿಯಲ್ಲಿ ಜಲೀಲನಾಗಿ ಬಂದ ಹುಡುಗ, ಮೂವತ್ನಾಲ್ಕು ವರ್ಷದ ಮೇಲೆ ಅದೇ ದುರ್ಗದ ದೊರೆ! ಇಂಥ ಪ್ರಮೋಷನ್ ಸಿನಿಮಾದಲ್ಲಿ ಮಾತ್ರ ಸಾಧ್ಯ.

ಇನ್ನು ಓಬವ್ವ. ಕೋಟೆಯ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿ. ರಾಣಿಯಲ್ಲ, ದಳವಾಯಿ ಮಗಳಲ್ಲ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋಗಿದ್ದಾಳೆ. ಬಂಡೆ ಸಂದಿಯಲ್ಲಿ ಪಿಸುಮಾತು. ನೋಡಿದರೆ ಒಬ್ಬೊಬ್ಬನೇ ತೆವಳಿ ಒಳಗೆ ಬರ್ತಿರೋ ಶತ್ರು ಸೈನಿಕರು. ಗಂಡನ ಊಟ ಕೆಡಿಸಬಾರದು ಅಂತ ಒನಕೆ ತಗೊಂಡು ಬಂದು ನಿಂತಳು. ತಲೆ ಹೊರಬಂದಂತೆಲ್ಲಾ ಒಂದು ಏಟು. ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕಥೆ ಇದು. ಕಿಂಡಿ ಇವತ್ತಿಗೂ ಇದೆ. ಹೋಗಿ ನೋಡಿ. ತಲೆ ತಗ್ಗಿಸದೆ, ಮೈ ಒರೆಸದೆ ಒಬ್ಬನೂ ಅದರಲ್ಲಿ ದಾಟಲಾರ. ಒಬ್ಬ ಹೆಂಗಸು ಒಂದು ಒನಕೆ ಹಿಡಿದರೆ ಒಂದು ದಂಡನ್ನೇ ತಡೀಬಹುದಿತ್ತು ಅನ್ನೋದು ಆ ಕಲ್ಲಿನ ಅಳತೆ ನೋಡಿದರೆ ನಿಮಗೇ ಒಪ್ಪಿಗೆಯಾಗ್ತದೆ.

‘ನಾಗರಹಾವಿ’ನಲ್ಲಿ ಓಬವ್ವ ಇರೋದು ಒಂದೇ ಹಾಡಿನಷ್ಟು ಹೊತ್ತು. ಪಿ.ಬಿ. ಶ್ರೀನಿವಾಸ್ ಕಂಠ, ವಿಜಯಭಾಸ್ಕರ್ ಸಂಗೀತ, ತೆರೆಯ ಮೇಲೆ ಜಯಂತಿ. ಸೆರಗು ಬಿಗಿದು ಕಣ್ಣು ಕೆಂಪು ಮಾಡಿ ನಿಂತ ಜಯಂತಿ ಮುಖವೇ ಓಬವ್ವನ ಮುಖ ಅಂತ ನಮ್ಮ ತಲೆಯಲ್ಲಿ ಅಚ್ಚಾಗಿದೆ. ಅದಕ್ಕಿಂತ ಮೊದಲು ದುರ್ಗದ ಸೀಮೆಯ ಆಚೆ ಓಬವ್ವನ ಹೆಸರು ಗೊತ್ತಿದ್ದವರೆಷ್ಟು? ಈಗ ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡ್ತದೆ. ಒಂದು ಹಾಡು ಇಷ್ಟು ಕೆಲಸ ಮಾಡಬಲ್ಲದು ಅಂದರೆ ಸಿನಿಮಾದವರು ಎದೆ ತಟ್ಟಿಕೊಳ್ಳಬಹುದು. ಆದರೆ ಅದೇ ಚಿತ್ರದ ಕೊನೆಯ ದೃಶ್ಯವೂ ಅಷ್ಟೇ ಗಟ್ಟಿಯಾಗಿ ಜನರ ತಲೆಯಲ್ಲಿ ಕೂತಿದೆ ಅನ್ನೋದನ್ನೂ ಮರೀಬಾರದು. ಒಂದೇ ಗುಡ್ಡದ ಮೇಲೆ ಎರಡು ಚಿತ್ರ. ಒಂದರಲ್ಲಿ ಒಬ್ಬಳು ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲುತ್ತಾಳೆ. ಇನ್ನೊಂದರಲ್ಲಿ ಮೂವರು ಮಾತು ಸೋತು ಹೋಗುತ್ತಾರೆ. ಬಂದವರು ಮೊದಲನೆಯದರ ಮುಂದೆ ಎರಡು ನಿಮಿಷ ನಿಂತು, ಎರಡನೆಯದನ್ನು ಹುಡುಕುತ್ತಾ ಅರ್ಧ ದಿನ ಅಲೆದರೆ ಅದು ಯಾವ ನ್ಯಾಯ?

ಕಲ್ಲಿಗೂ ಮೈಯಿದೆ

ಇನ್ನೊಂದು ಮಾತು, ಸ್ವಲ್ಪ ಖಾರ ಇದ್ದೀತು. ಬ್ಯಾಡಗಿಯವರಿಗೆ ಬಣ್ಣ ಹೆಚ್ಚು, ಖಾರ ಕಡಿಮೆಯ ಮೆಣಸಿನಕಾಯಿ ರೂಢಿ, ಹೀಗಾಗಿ ಮೊದಲೇ ಹೇಳಿದೆ. ಮೊಳೆಯಿಂದಲೋ ಬಣ್ಣದಿಂದಲೋ ಬಂಡೆ ಮೇಲೆ ಹೆಸರು, ಹೆಸರಿನ ಪಕ್ಕ ಬಾಣ ಚುಚ್ಚಿದ ಹೃದಯ ಬಿಡಿಸೋ ಚಾಳಿ ನಮ್ಮ ಜನಕ್ಕಿದೆ. ಇದಕ್ಕೆ ರಾಮಾಚಾರಿ ಕಾರಣ ಅಂತ ತಪ್ಪು ಹೊರಿಸೋದು ಬೇಡ. ಅವನು ಪಾಪ ಇಡೀ ಚಿತ್ರದಲ್ಲಿ ಎಲ್ಲೂ ಹೆಸರು ಕೆತ್ತಿದ್ದು ಕಾಣೆ! ರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. 1958ರ ಕಾಯ್ದೆಯನ್ನು 2010ರಲ್ಲಿ ತಿದ್ದಿ ಇಷ್ಟು ಬಿಗಿ ಮಾಡಿದ್ದಾರೆ. ಆದರೆ ಪೊಲೀಸರ ಹೆದರಿಕೆಗಿಂತ ಮರ್ಯಾದೆ ದೊಡ್ಡದು. ದಂಡನ್ನು ತಡೆದ ಓಬವ್ವನೇ ಆ ಕಿಂಡಿಯ ಮೇಲೆ ತನ್ನ ಹೆಸರು ಬರೀಲಿಲ್ಲ. ಬರೀ ಬಸ್ಸಿನಲ್ಲಿ ಬಂದ ನಾವು ಯಾರ್ರೀ ಬರೆಯೋಕೆ?

ಹೊರಡೋ ಮುಂಚೆ ನಾಲ್ಕು ಮಾತು

ಮುಂಜಾನೆಯೇ ಗುಡ್ಡದ ಬುಡ ಸೇರೋ ಹಾಗೆ ಹೊರಡಿ. ಹನ್ನೊಂದರ ಮೇಲೆ ಆ ಕಲ್ಲು ಕಾದ ಹೆಂಚು. ಕುಡಿಯೋ ನೀರು ಹೊತ್ತುಕೊಂಡೇ ಹೋಗಿ. ಬುತ್ತಿ ಒಯ್ದರೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಆದರೆ ಬಿಚ್ಚೋ ಮುಂಚೆ ಸುತ್ತ ನೋಡಿ. ಅಲ್ಲಿನ ಕೋತಿಗಳು ನಿಮ್ಮ ಕೈಚೀಲದ ಗಂಟನ್ನು ನಿಮಗಿಂತ ಬೇಗ ಬಿಚ್ಚುತ್ತವೆ. ತುಪ್ಪದ ಕೊಳದ ಕಡೆ ಮೇಲೇರೋ ಬಂಡೆಯಲ್ಲಿ ಕಾಲ್ಬೆರಳು ಹಿಡಿಯೋವಷ್ಟು ಮಾತ್ರ ಮೆಟ್ಟಿಲು ಕೊರೆದಿದ್ದಾರೆ. ಮಳೆ ಬಂದ ದಿನ ಆ ಕಡೆ ತಲೆ ಹಾಕಬೇಡಿ. ಇಳಿದ ಮೇಲೆ ರಂಗಯ್ಯನ ಬಾಗಿಲ ಹತ್ತಿರದ ವಸ್ತುಸಂಗ್ರಹಾಲಯ ನೋಡಿ. ಹೊತ್ತಿದ್ದರೆ ಚಂದ್ರವಳ್ಳಿಗೂ ಹೋಗಿ, ಗುಹೆಯೊಳಗಿನ ತಂಪು ಮೈಗೆ ಹಿಡಿಸ್ತದೆ.

ನಾಲ್ವರೂ ಕೂಡಿಯೇ ಹೋಗಬೇಕು, ಕೂಡಿಯೇ ಇಳೀಬೇಕು. ಒಬ್ಬನನ್ನು ಹಿಂದೆ ಬಿಟ್ಟು ಮೂವರು ಮುಂದೆ ಓಡೋದು ಬೇಡ. ಫೋಟೋ ಬೇಕೇ ಬೇಕು ಅಂದರೆ ಓಬವ್ವನ ಕಿಂಡಿಯ ಮುಂದೆ ನಿಂತು ತೆಗೆಸಿಕೊಳ್ಳಿ, ಹೆಗಲ ಮೇಲೆ ಹೆಗಲು ಹಾಕಿ. ಅಲ್ಲಿ ಬೀಳೋದಕ್ಕೆ ಜಾಗವೇ ಇಲ್ಲ!

ಉಳಿದ ಓದುಗರಿಗೆ ಒಂದು ಕೆಲಸ. ನಿಮ್ಮೂರ ಗುಡ್ಡದ ಕಥೆಯನ್ನೂ ಬರೆದು ಕಳಿಸಿ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯೋದನ್ನು ಕೇಳಲಿಕ್ಕೆ ಅಷ್ಟು ಜನ ಉಸಿರು ಬಿಗಿಹಿಡಿದು ನಿಲ್ತಾರಲ್ಲ, ಅದನ್ನು ಸರಿಯಾಗಿ ಬಣ್ಣಿಸಿ ಬರೆದವರ ಪತ್ರಕ್ಕೆ ಈ ಪುಟದಲ್ಲಿ ಮೊದಲ ಜಾಗ.